ಟಿ-ಓಪನ್ ಮೇಷ್ಟ್ರ ಚಾಪೆ

ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿ ಹಳೇಕೋಟೆಗೆ ಹೋದಾಗ ಅವರ ಮನೆ ಮುಂದೆ ಶಾಮಿಯಾನ ಕಟ್ಟಿ, ಬಂದವರು ಕೂರಲೆಂದು ಚಾಪೆಗಳನ್ನು ಹಾಸಿದ್ದರು. ಕೂರುವ ಮೊದಲು ನಾನು ಚಾಪೆಯ ತುದಿ ಹಿಡಿದು ಒಮ್ಮೆ ಎಳೆದು ನೋಡಿದೆ. ಪಕ್ಕದಲ್ಲಿದ್ದ ಹೆಂಗಸು ಇವಳಿಗೇನಾಗಿದೆ ಎನ್ನುವ ಹಾಗೆ ನೋಡಿದಳು. ಎದುರು ಸಾಲಿನಲ್ಲಿ ಕೂತಿದ್ದ ನಮ್ಮ ಕಾಲೇಜಿನ ಮೂವರು ಹಳೆಯ ವಿದ್ಯಾರ್ಥಿಗಳು ಮಾತ್ರ ತಲೆ ತಗ್ಗಿಸಿ ನಗು ನುಂಗಿಕೊಂಡರು. ಸಾವಿನ ಮನೆಯಲ್ಲಿ ನಗಬಾರದು. ಆದರೆ ಚಾಪೆ ಎಳೆದು ನೋಡುವುದನ್ನು ನಮಗೆಲ್ಲ ಕಲಿಸಿದವರು ಅವರೇ.

ಆ ಹುಡುಗರೇ ಈಗ ಮೇಷ್ಟ್ರ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ನೀವೂ ಬರೆಯಲೇಬೇಕು ಎಂದರು. ನಾನು ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಬರೆದು ಅಭ್ಯಾಸವಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಮೇಷ್ಟ್ರು ಹುಡುಗರಿಗೆ ತಲುಪಿಸಿ ಎಂದು ಕೊಟ್ಟ ಒಂದು ಮಾತು ನನ್ನ ಹತ್ತಿರವೇ ಉಳಿದುಬಿಟ್ಟಿದೆ. ಅದನ್ನು ತಲುಪಿಸುವುದಕ್ಕೆ ಇದಕ್ಕಿಂತ ಬೇರೆ ದಾರಿ ಇಲ್ಲ. ಅದಕ್ಕೆ ಒಪ್ಪಿಕೊಂಡೆ. ಮೇಷ್ಟ್ರ ಹೆಸರು ಬರೆಯುವುದಿಲ್ಲ. ಅವರಿದ್ದಾಗಲೂ ನಾವು ಯಾರೂ ಹೆಸರು ಹಿಡಿದವರಲ್ಲ.

ಹೊಳೆನರಸೀಪುರ ದಾಟಿ ಹಾಸನದ ರಸ್ತೆಯಲ್ಲಿ ಸ್ವಲ್ಪ ದೂರ ಬಂದರೆ ನಮ್ಮ ಕಾಲೇಜು. ಮೇಷ್ಟ್ರು ಹಳೇಕೋಟೆಯಿಂದ ಟಿವಿಎಸ್ ಗಾಡಿಯಲ್ಲಿ ಬರುತ್ತಿದ್ದರು. ಗಾಡಿ ನಿಲ್ಲಿಸಿ ಸ್ಟ್ಯಾಂಡ್ ಹಾಕಿ, ಎರಡು ಹೆಜ್ಜೆ ನಡೆದು, ತಿರುಗಿ ಬಂದು ಗಾಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡುವರು. ಬೀಗ ಹಾಕಿದರೆ ಮೂರು ಸಲ ಜಗ್ಗುವರು. ಯಾರಿಗಾದರೂ ನಮಸ್ಕಾರ ಹೇಳಿದರೆ ತಿರುಗಿ ನಮಸ್ಕಾರ ಬರುವವರೆಗೆ ಕೈ ಇಳಿಸುತ್ತಿರಲಿಲ್ಲ. ಒಂದು ದಿನ ಪ್ರಿನ್ಸಿಪಾಲರು ಫೋನಿನಲ್ಲಿದ್ದರು. ಮೇಷ್ಟ್ರು ಅವರ ಬಾಗಿಲಲ್ಲಿ ಕೈ ಜೋಡಿಸಿ ನಿಂತೇ ಇದ್ದರು. ಫೋನಿನಲ್ಲಿ ಯಾರೋ ಉದ್ದಕ್ಕೆ ಮಾತಾಡುತ್ತಿದ್ದರು. ಕೊನೆಗೆ ಪ್ರಿನ್ಸಿಪಾಲರು ರಿಸೀವರನ್ನು ಹೆಗಲಿಗೆ ಒತ್ತಿ ಹಿಡಿದು ಎರಡೂ ಕೈ ಮುಗಿದರು. ಆಮೇಲೆ ಮೇಷ್ಟ್ರು ಕೈ ಇಳಿಸಿ ಹೊರಟುಹೋದರು. ಅವರಿಗೆ ಬೇಕಿದ್ದದ್ದು ಅಷ್ಟೇ.

ಅವರ ಹೆಂಡತಿಯೂ ಇದನ್ನೇ ಹೇಳುತ್ತಾರೆ. "ನನ್ನ ಕೂಗುದ್ರೆ ಓ ಅನ್ನಗಂಟ ಬುಡ್ತಿರ್ನಿಲ್ಲ ಕಣವ್ವ. ಎದುರ್ಗೇ ನಿಂತಿದ್ರೂವೆ ಓ ಅನ್ಬೇಕು."

ಲ್ಯಾಬಿನಲ್ಲಿ ಹುಡುಗರಿಗೆಲ್ಲ ಹೊಸ ಕಂಪ್ಯೂಟರುಗಳಿದ್ದವು. ಅವುಗಳ ಜೊತೆ ಯೂನಿಕ್ಸ್ ಎಂಬ ವ್ಯವಸ್ಥೆಯ ಎರಡು ಹಳೆಯ ಯಂತ್ರಗಳು, ಯಾವುದೋ ಕಂಪನಿಯವರು ಬಿಸಾಡಲು ಹೊರಟಾಗ ಮೇಷ್ಟ್ರು ಹೋಗಿ ಕೇಳಿ ತಂದದ್ದು. ಒಂದು ಅವರ ಮೇಜಿನ ಮೇಲೆ, ಇನ್ನೊಂದು ಬಾಗಿಲ ಪಕ್ಕ ನನ್ನ ಸ್ಟಾಕ್ ರಿಜಿಸ್ಟರ್ ಇಡುವ ಮೇಜಿನ ಮೇಲೆ. ನನ್ನ ಮೇಜಿನದು ಬಿಸಿಯಾದಾಗ ಅದರ ಮೇಲೆ ನಾನು ಒದ್ದೆ ಕರ್ಚೀಫು ಒಣಗಿಸುತ್ತಿದ್ದೆ. ಅದಕ್ಕೆ ಅವರ ಆಕ್ಷೇಪಣೆ ಇರಲಿಲ್ಲ.

ಎರಡು ಕಂಪ್ಯೂಟರ್ ಮಾತಾಡಬೇಕಾದರೆ ಮೊದಲು ಎರಡೂ ಕಡೆಯಲ್ಲಿ ಮಾತಿಗೆ ಒಂದು ಜಾಗ ತೆರೆಯಬೇಕು. ಪ್ರೋಗ್ರಾಂ ಬರೆಯುವ ಸಿ ಭಾಷೆಯಲ್ಲಿ ಈ ಕೆಲಸಕ್ಕೆ ಈಗ ಎಲ್ಲರೂ ಸಾಕೆಟ್ ಎನ್ನುವುದನ್ನು ಬಳಸುತ್ತಾರೆ. ಆ ಹಳೆಯ ಯಂತ್ರಗಳಲ್ಲಿ ಅದಕ್ಕೆ ಟಿ-ಓಪನ್ ಎಂಬ ಇನ್ನೊಂದು ದಾರಿ ಇತ್ತು. ಸಿಲಬಸ್ಸಿನಿಂದ ಅದು ಎಂದೋ ಹೋಗಿತ್ತು. ಮೇಷ್ಟ್ರು ಮಾತ್ರ ಮೊದಲ ವಾರ ಅದನ್ನೇ ಕಲಿಸುವರು. ಯಾಕೆ ಸಾ ಇದು, ಪರೀಕ್ಷೆಗೆ ಬರಲ್ಲವಲ್ಲ ಎಂದು ಪ್ರತಿ ವರ್ಷ ಯಾರಾದರೂ ಒಬ್ಬ ಕೇಳುತ್ತಿದ್ದ. ಪ್ರತಿ ವರ್ಷವೂ ಉತ್ತರ ಒಂದೇ: "ಪರೀಕ್ಷೆಗೆ ಬರದೆ ಇರೋದ್ನೂ ಒಂದ್ ಕಲ್ತ್ಕಳ್ಲಾ. ಜೀವ್ನದಲ್ಲಿ ಒಂದಾರ ಪುಕ್ಸಟ್ಟೆ ಕಲ್ತೆ ಅಂತ ಆಗ್ಲಿ."

ಹುಡುಗರು ಅವರಿಗೆ ಇಟ್ಟ ಹೆಸರು ಟಿ-ಓಪನ್ ಮೇಷ್ಟ್ರು. ಅದು ಅವರಿಗೂ ಗೊತ್ತಿತ್ತು.

ಒಂದು ವರ್ಷ ಮೊದಲ ಪಾಠದ ದಿನ ಗಾಡಿಯ ಹಿಂದೆ ಒಂದು ಚಾಪೆ ಕಟ್ಟಿಕೊಂಡು ಬಂದರು. ಸಾಲಗಾಮೆ ಕಡೆಯ ಒಬ್ಬ ಹುಡುಗನನ್ನು ಎಬ್ಬಿಸಿ ಹಾಸು ಎಂದರು. ಅವನು ಹಾಸಿ, ಕೈ ಕೊಡವಿಕೊಂಡು, ತನ್ನ ಜಾಗಕ್ಕೆ ಹೋಗಿ ಕೂತ. ಅವನು ಕೂರುವಷ್ಟರಲ್ಲಿ ಚಾಪೆ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಸುರುಳಿ ಸುತ್ತಿಕೊಂಡಿತು. ಮೇಷ್ಟ್ರು ಹಿಂದಿನ ದಿನವೇ ಅದರ ಅಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಹೊಲಿದಿದ್ದರು. ಇಡೀ ತರಗತಿ ನಕ್ಕಿತು.

"ಹಾಸ್ದೆ ಅಂತ ಓಗಿ ಕೂತ್ಕಂಡೆ. ತಿರುಗಿ ನೋಡ್ದ್ಯಾ?" ಎಂದು ಕೇಳಿದರು.

"ಇಲ್ಲ ಸಾ."

"ಈಗ ನೆಂಟ ಬಂದು ಎಲ್ ಕೂರ್ತಾನೆ? ನಿನ್ ತಲೆ ಮ್ಯಾಲಾ?"

ಪಾಠ ಅಷ್ಟೇ. ಆಮೇಲೆ ಪ್ರತಿ ಬ್ಯಾಚಿಗೂ ಅದೇ ಚಾಪೆ, ಅದೇ ಪಾಠ. ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಬಾಗಿಲಲ್ಲೇ ವಿಷಯ ಕೇಳುವುದಿಲ್ಲ. ಮೊದಲು ಚಾಪೆ, ಆಮೇಲೆ ನೀರು, ಆಮೇಲೆ ಮಾತು. ಟಿ-ಓಪನ್ ಎಂದರೆ ಚಾಪೆ ಹಾಸುವುದು. ಹಾಸು ಎಂದು ಹೇಳಿದ ಮೇಲೆ ಯಂತ್ರ ತಿರುಗಿ ಒಂದು ಸಂಖ್ಯೆ ಕೊಡುತ್ತದೆ. ಸರಿಯಾದ ಸಂಖ್ಯೆ ಬಂದರೆ ಹಾಸಿದೆ ಎಂದು ಅರ್ಥ. ಮೈನಸ್ ಒಂದು ಬಂದರೆ ಹಾಸಿಲ್ಲ. ಸಂಖ್ಯೆ ನೋಡದೆ ಮುಂದೆ ಹೋದವನು ನೆಂಟನನ್ನು ನೆಲಕ್ಕೆ ಕೆಡವಿದವನು. ಇದನ್ನು ನಾನು ಕಸ ಗುಡಿಸುತ್ತಾ ಕೇಳಿ ಕಲಿತದ್ದು.

ಬರುವ ಸಂಖ್ಯೆ ಸಾಮಾನ್ಯವಾಗಿ ಮೂರು. ಯಾಕೆ ಸಾ ಯಾವಾಗಲೂ ಮೂರೇ ಬರುತ್ತೆ ಎಂದು ಅರಕಲಗೂಡಿನ ಒಬ್ಬ ಹುಡುಗಿ ಕೇಳಿದಳು. ಮನೆಯಲ್ಲಿ ಸೊನ್ನೆ, ಒಂದು, ಎರಡು ಆಗಲೇ ಕೂತಿದ್ದಾರೆ ಎಂದರು. ಸೊನ್ನೆ ಎಂದರೆ ಅವ್ವ, ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಒಂದು ಎಂದರೆ ಅಪ್ಪ, ಹೇಳುತ್ತಲೇ ಇರುತ್ತಾನೆ. ಎರಡು ಎಂದರೆ ಅಜ್ಜಿ. "ಅಜ್ಜಿ ಕೂತಿರಾದು ತಪ್ಪು ಇಡಿಯಕ್ಕೆ ಮಾತ್ರ. ತಪ್ಪು ಇಲ್ದಿದ್ರೆ ಬಾಯೇ ಬುಡಲ್ಲ." ಹೊರಗಿನಿಂದ ಬಂದ ನೆಂಟನಿಗೆ ಉಳಿಯುವುದು ಮೂರು. ಆ ಹುಡುಗಿ ಈಗ ಎಲ್ಲಿದ್ದರೂ ಅಜ್ಜಿಯನ್ನು ಮರೆತಿರಲಾರಳು.

ಹಾಸಿದವನೇ ಸುತ್ತಿಡಬೇಕು ಎನ್ನುವುದು ಅವರ ಎರಡನೆಯ ಹಟ. ನುಗ್ಗೇಹಳ್ಳಿಯಿಂದ ಬರುತ್ತಿದ್ದ ಒಬ್ಬನ ಪ್ರೋಗ್ರಾಂ ತೆರೆಯುತ್ತಲೇ ಹೋಗಿ, ಒಂದನ್ನೂ ಮುಚ್ಚದೆ, ಕೊನೆಗೆ ಯಂತ್ರ ಇನ್ನು ಜಾಗವಿಲ್ಲ ಎಂದು ಕೂತುಬಿಟ್ಟಿತು. ಮೇಷ್ಟ್ರು ಅವನ ಕೈಗೆ ಹಳೆಯ ಪೇಪರಿನ ಕಟ್ಟು ಕೊಟ್ಟು, ಲ್ಯಾಬಿನ ನೆಲದ ಮೇಲೆ ಒಂದೊಂದಾಗಿ ಹಾಸುತ್ತಾ ಬಾ ಎಂದರು. ಅವನು ಹಾಸುತ್ತಾ ಹಾಸುತ್ತಾ ಗೋಡೆಯ ಮೂಲೆ ಸೇರಿದ. ಈಗ ಒಂದನ್ನೂ ತುಳಿಯದೆ ನನ್ನ ಹತ್ತಿರ ಬಾ ಎಂದರು. ಅವನು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಮೂಲೆಯಲ್ಲೇ ನಿಂತಿದ್ದ. ಪೇಪರುಗಳನ್ನು ಎತ್ತಿದ್ದು ಮಾತ್ರ ನಾನು. ಈ ಅನ್ಯಾಯವನ್ನು ಆಗಲೇ ಹೇಳಿದ್ದೆ, ಈಗ ಬರೆದೂ ಇಡುತ್ತೇನೆ.

ಮೇಷ್ಟ್ರಿಗೆ ನಿವೃತ್ತಿಯಾಗಲು ಒಂದು ಸೆಮಿಸ್ಟರ್ ಉಳಿದಿರುವಾಗ ಗಂಟಲಿಗೆ ಆಪರೇಷನ್ ಆಯಿತು. ತಿರುಗಿ ಬಂದಾಗ ಕತ್ತಿಗೆ ಮಫ್ಲರ್ ಇತ್ತು, ದನಿ ಇರಲಿಲ್ಲ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಮೊದಲೆರಡು ದಿನ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದರು. ಅವರ ಅಕ್ಷರ ದೇವರಿಗೇ ಪ್ರೀತಿ. ಮೂರನೆಯ ದಿನ ಬೆಳಿಗ್ಗೆ ಬಂದವರು ಎರಡು ಹಳೆಯ ಯಂತ್ರಗಳ ಮಧ್ಯೆ ಕೇಬಲ್ ಎಳೆದು, ತಮ್ಮದರಲ್ಲಿ ಟೈಪ್ ಮಾಡಿ, ನನ್ನನ್ನು ಕರೆದು ನನ್ನ ಮೇಜಿನ ಯಂತ್ರದ ತೆರೆಯನ್ನು ತೋರಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮೂಡಿತ್ತು. ಆ ಯಂತ್ರಕ್ಕೆ ಬೇರೆ ಅಕ್ಷರ ತಿಳಿಯದು. "ಜಯಮ್ಮನೋರೆ, ಇಲ್ಲಿ ಬಂದದ್ದ ಗಟ್ಟಿಯಾಗಿ ಓದಿ. ಸೇರಿಸ್ಬ್ಯಾಡಿ, ಬುಡಬ್ಯಾಡಿ, ಹಿಂದೆ ಮುಂದೆ ಮಾಡ್ಬ್ಯಾಡಿ. ಯಂತ್ರನೂ ಇದೇ ಕೆಲ್ಸ ಮಾಡಾದು. ಅದ್ಕೆ ಸಂಬಳ ಇಲ್ಲ, ನಿಮ್ಗೈತೆ."

ಅವರು ಬರೆಯುವುದನ್ನು ಹುಡುಗರ ಕಂಪ್ಯೂಟರಿಗೇ ನೇರವಾಗಿ ಕಳಿಸಬಹುದಲ್ಲ ಎಂದು ನಾನು ಕೇಳಿದೆ. ಪಾಠ ಓದಿದರೂ ತಲೆಗೆ ಹೋಗುತ್ತದೆ, ಬೈಗುಳ ಓದಿದರೆ ತಾಕುವುದಿಲ್ಲ, ಅದನ್ನು ಕಿವಿಯಲ್ಲೇ ಕೇಳಬೇಕು ಎಂದು ಟೈಪ್ ಮಾಡಿದರು.

ಬೆಳಿಗ್ಗೆ ಬಂದು ಪ್ರೋಗ್ರಾಂ ಶುರು ಮಾಡುವುದು ನನ್ನ ಕೆಲಸವಾಯಿತು. ಮೂರು ಎಂದು ಬಂದರೆ ನನ್ನ ಕಡೆಯ ಚಾಪೆ ಹಾಸಿದೆ. ಒಂದು ದಿನ ಮೂರು ಬಂತು, ಆದರೆ ಮೇಷ್ಟ್ರ ಮಾತು ಬರಲಿಲ್ಲ. ಅವರು ಎದ್ದು ಬಂದು ನೋಡಿದರೆ, ನಾನು ಗುಡಿಸುವಾಗ ಪೊರಕೆ ಸಿಕ್ಕಿ ಕೇಬಲ್ ಬಿದ್ದಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಸಂತೋಷದಿಂದ ಚೀಟಿ ಬರೆದು ತೋರಿಸಿದರು: ಚಾಪೆ ಸರಿಯಾಗಿದೆ, ದಾರಿ ಕೆಟ್ಟಿದೆ, ಇದನ್ನು ನಾಳೆ ಪಾಠಕ್ಕೆ ಇಟ್ಟುಕೊಳ್ಳೋಣ. ಮರುದಿನ ಹುಡುಗರ ಮುಂದೆ ಅದೇ ಪೊರಕೆಯಿಂದ ಅದೇ ಕೇಬಲನ್ನು ಬೀಳಿಸಿ ತೋರಿಸಬೇಕಾಯಿತು.

ಮೊದಲ ಬೈಗುಳ ಬಂದ ದಿನ ನೆನಪಿದೆ. "ಲೇ ಮೂರ್ನೇ ಬೆಂಚಿನ ಮೂದೇವಿ, ಮೊಬೈಲ್ ಒಳಗಿಡ್ಲಾ" ಎಂದು ತೆರೆಯ ಮೇಲೆ ಬಂತು. ಆ ಹುಡುಗ ಚನ್ನರಾಯಪಟ್ಟಣದವನು, ನನಗಿಂತ ಎರಡಡಿ ಎತ್ತರ. ನನ್ನ ಬಾಯಿಗೆ ಆ ಮಾತು ಬರಲಿಲ್ಲ. ಮೂರನೇ ಬೆಂಚಿನವರೇ, ದಯವಿಟ್ಟು ಮೊಬೈಲ್ ಒಳಗಿಡಿ ಎಂದು ಓದಿದೆ. ಮೇಷ್ಟ್ರ ಕಿವಿ ಚೆನ್ನಾಗಿತ್ತು. ಕೂಡಲೇ ಇನ್ನೊಂದು ಸಾಲು ಬಂತು.

"ನಾನ್ ಕಳ್ಸಿದ್ದು ಅದಲ್ಲ. ದಾರೀಲಿ ಕೆಟ್ಟೋಗದೆ. ಮತ್ತೆ ಕಳಿಸ್ತೀನಿ."

ಅದನ್ನೂ ಓದಿದೆ. ಹುಡುಗರು ನಕ್ಕರು. ಮತ್ತೆ ಅದೇ ಬೈಗುಳ ಬಂತು. ಈ ಸಲ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಓದಿಬಿಟ್ಟೆ. ಮೊಬೈಲ್ ಒಳಗೆ ಹೋಯಿತು. ಅಷ್ಟೇ ಅಲ್ಲ, ಆ ಎತ್ತರದ ಹುಡುಗ ನನ್ನ ಕಡೆ ತಿರುಗಿ "ಸಾರಿ ಮೇಡಂ" ಎಂದ. ಅಷ್ಟು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಮೇಡಂ ಎಂದಿರಲಿಲ್ಲ.

ಆಮೇಲೆ ನನಗೆ ಅಭ್ಯಾಸವಾಯಿತು. ಮಂಕುದಿಣ್ಣೆ, ಕತ್ತೆಬಡವ, ಬಾಲ ಇಲ್ಲದ ಮಂಗ ಎಲ್ಲವನ್ನೂ ತಪ್ಪಿಲ್ಲದೆ ಓದತೊಡಗಿದೆ. ಸ್ವಲ್ಪ ಏರಿಳಿತವೂ ಬಂತು. ಅವರು ಸಂಜೆ ಯಂತ್ರ ಮುಚ್ಚುವಾಗ ನನ್ನ ತೆರೆಯ ಮೇಲೆ "ಬತ್ತೀನಿ" ಎಂದು ತಾನಾಗಿಯೇ ಮೂಡುವಂತೆ ಮಾಡಿದ್ದರು. ಹೋಗ್ತೀನಿ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲವಲ್ಲ.

ಇಷ್ಟರಲ್ಲಿ ಆಡಳಿತದವರಿಗೆ ಸುದ್ದಿ ಹೋಯಿತು. ದನಿ ಇಲ್ಲದ ಮೇಷ್ಟ್ರು, ಪಾಠ ಹೇಳುವ ಅಟೆಂಡರು, ಇದೆಂಥ ಕಾಲೇಜು ಎಂದು ಯಾರೋ ದೂರು ಕೊಟ್ಟಿದ್ದರು. ಮೇಷ್ಟ್ರನ್ನು ಈಗಲೇ ರಜೆಯ ಮೇಲೆ ಕಳಿಸಿ, ಉಳಿದ ಪಾಠಕ್ಕೆ ಬೇರೆಯವರನ್ನು ನೋಡುವ ಮಾತು ನಡೆಯಿತು. ಮೇಷ್ಟ್ರಿಗೆ ಇದ್ದ ಆಸೆ ಒಂದೇ. ಆ ಕೊನೆಯ ಬ್ಯಾಚನ್ನು ಪ್ರಾಕ್ಟಿಕಲ್ ಪರೀಕ್ಷೆಯವರೆಗೆ ತಾವೇ ಮುಟ್ಟಿಸಬೇಕು. ಹಾಸಿದವನೇ ಸುತ್ತಿಡಬೇಕು ಎಂದು ಚೀಟಿಯಲ್ಲಿ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟರಂತೆ. ಪ್ರಿನ್ಸಿಪಾಲರಿಗೆ ಅರ್ಥವಾಗಲಿಲ್ಲ. ನೋಡಿ ತೀರ್ಮಾನ ಮಾಡಲಿ ಎಂದು ಆಡಳಿತ ಮಂಡಳಿಯ ಸೆಕ್ರೆಟರಿಯವರನ್ನೂ ಹಾಸನದ ಒಬ್ಬ ನಿವೃತ್ತ ಪ್ರೊಫೆಸರನ್ನೂ ಕರೆಸಿದರು.

ಅವರು ಬಂದದ್ದು ಊಟವಾದ ಮೇಲೆ. ಮೊದಲ ಅರ್ಧ ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. ಮೇಷ್ಟ್ರು ಅಂದು ಒಂದು ಬೈಗುಳವನ್ನೂ ಬರೆಯಲಿಲ್ಲ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ನಿಂತುಕೊಂಡು, ಬಂದದ್ದನ್ನು ಬಂದ ಹಾಗೆ ಓದುತ್ತಿದ್ದೆ. ಭಯಕ್ಕೆ ಅರ್ಥದ ಕಡೆ ಗಮನವೇ ಇರಲಿಲ್ಲ. ಆಗ ಓದಿದ್ದು ಇದು:

"ಜಯಮ್ಮನೋರೆ, ಸೆಕ್ರೆಟರಿ ಸಾಯೇಬ್ರು ತೂಕಡಿಸ್ತಾವ್ರೆ, ಕುರ್ಚಿಯಿಂದ ಬಿದ್ದುಗಿದ್ದಾರು, ಒಂದ್ ಕಾಪಿ ತರ್ಸಿ. ಇದ್ನ ಓದ್ಬ್ಯಾಡಿ."

ಓದಬೇಡಿ ಎನ್ನುವುದು ಕೊನೆಯಲ್ಲಿ ಬಂದಿತ್ತು. ಬಂದ ಕ್ರಮದಲ್ಲಿ ಅದನ್ನೂ ಓದಿದೆ.

ಸೆಕ್ರೆಟರಿಯವರು ಕಣ್ಣು ಬಿಟ್ಟು ಯಾರಮ್ಮ ಹೇಳಿದ್ದು ಎಂದು ಕೇಳಿದರು. "ನಾನ್ ಹೇಳಿಲ್ಲ ಸಾ. ಬಂತು, ಓದ್ದೆ" ಎಂದೆ. ಮೇಷ್ಟ್ರನ್ನು ನೋಡಿದರೆ ಅವರು ಮೇಜಿನ ಮೇಲೆ ತಲೆಯಿಟ್ಟಿದ್ದರು, ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ತಲೆ ಎತ್ತಿದಾಗ ನಗುವಿಗೆ ಕಣ್ಣೆಲ್ಲ ನೀರು.

ಪ್ರೊಫೆಸರು ಮಾತ್ರ ಎದ್ದು ಬಂದು ನನ್ನ ತೆರೆಯ ಮೇಲಿನ ಸಾಲನ್ನು ಓದಿ ನೋಡಿದರು. ಒಂದು ಅಕ್ಷರವೂ ವ್ಯತ್ಯಾಸವಿಲ್ಲ ಎಂದರು. ಆಮೇಲೆ ಹಿಂದಿನ ಬೆಂಚಿನಲ್ಲಿ ಅವಿತುಕೊಂಡಿದ್ದ ಒಬ್ಬನನ್ನು ಎಬ್ಬಿಸಿ, ಟಿ-ಓಪನ್ ಮೈನಸ್ ಒಂದು ಕೊಟ್ಟರೆ ಏನು ಮಾಡುತ್ತೀಯ ಎಂದು ಕೇಳಿದರು. ಅದೇ ಚನ್ನರಾಯಪಟ್ಟಣದ ಮೂದೇವಿ. ಅವನು ಮೂಲೆಯಲ್ಲಿದ್ದ ಚಾಪೆಯ ಕಡೆ ಒಮ್ಮೆ ನೋಡಿ ಹೇಳಿದ:

"ಮುಂದಕ್ಕೋಗಲ್ಲ ಸಾ. ಯಾಕ್ ಹಾಸ್ಲಿಲ್ಲ ಅಂತ ಮೊದ್ಲು ಕೇಳ್ತೀನಿ."

ಪ್ರೊಫೆಸರು ಸೆಕ್ರೆಟರಿಯವರ ಮುಖ ನೋಡಿದರು. ಸೆಕ್ರೆಟರಿಯವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಸರಿ, ಪರೀಕ್ಷೆಗಂಟ ಇವ್ರೇ ನಡಿಸ್ಲಿ. ಆ ಕಾಪಿ ತರ್ಸಮ್ಮ, ಸಕ್ರೆ ಕಮ್ಮಿ" ಎಂದರು.

ಪರೀಕ್ಷೆ ಆಯಿತು. ಎಲ್ಲರೂ ಪಾಸಾದರು. ಕೊನೆಯ ದಿನ ಹುಡುಗರು ಮೇಷ್ಟ್ರ ಕಾಲಿಗೆ ಬಿದ್ದು, ಫೋಟೋ ತೆಗೆಸಿಕೊಂಡು, ಬಸ್ ಹಿಡಿಯಲು ಓಡಿದರು. ನಾನು ಕುರ್ಚಿಗಳನ್ನು ಸರಿಮಾಡುತ್ತಿದ್ದೆ. ನನ್ನ ತೆರೆಯ ಮೇಲೆ ಅಕ್ಷರ ಮೂಡಿತು. ಹುಡುಗರಿಗೆ ಒಂದು ಮಾತು ಹೇಳಿ ಎಂದು ಇತ್ತು. ಅದನ್ನು ಕಳಿಸಿದ ಮೇಷ್ಟ್ರು ಯಂತ್ರ ಮುಚ್ಚಿ ಪ್ರಿನ್ಸಿಪಾಲರ ಕೋಣೆಗೆ ಹೊರಟುಹೋದರು. ಕಿಟಕಿಯಿಂದ ನೋಡಿದರೆ ಅವರೆಲ್ಲ ಇನ್ನೂ ಗೇಟಿನ ಹತ್ತಿರವೇ ಇದ್ದರು. ಕೂಗಿದ್ದರೆ ಕೇಳಿಸುತ್ತಿತ್ತು.

ನಾನು ಕೂಗಲಿಲ್ಲ.

ಕಾರಣ ಬರೆಯಲು ನಾಚಿಕೆಯಾಗುತ್ತದೆ. ಆ ಮೂರು ತಿಂಗಳಲ್ಲಿ ಹುಡುಗರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನಾನು ಕಾರಿಡಾರಿನಲ್ಲಿ ನಡೆದರೆ ಮೊಬೈಲುಗಳು ಜೇಬಿಗೆ ಹೋಗುತ್ತಿದ್ದವು. ಯಾರೋ ಒಬ್ಬಳು ಬೀಳ್ಕೊಡುವಾಗ ನನ್ನ ಕಾಲಿಗೂ ಬಿದ್ದಿದ್ದಳು. ತೆರೆಯ ಮೇಲಿನ ಮಾತನ್ನು ಓದಿದರೆ ಅದೆಲ್ಲ ಮೇಷ್ಟ್ರಿಗೆ ವಾಪಸು ಹೋಗಿ, ನಾನು ಮತ್ತೆ ಪೊರಕೆಯ ಜಯಮ್ಮ ಆಗುತ್ತಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮುಗಿದ ಬ್ಯಾಚಿಗೆ ನಾಳೆ ಎಲ್ಲಿರುತ್ತದೆ?

ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಒಂದು ಭಾನುವಾರ ಹಳೇಕೋಟೆಗೆ ಹೋಗಿ ನೋಡಿದೆ. ಕೈಗೆ ಸಿಗುವಂತೆ ಒಂದು ಸ್ಲೇಟು ಇಟ್ಟುಕೊಂಡಿದ್ದರು. ನಾನು ಕೂತ ಕೂಡಲೇ ಬರೆದದ್ದು ತಮ್ಮ ಆರೋಗ್ಯದ ಮಾತಲ್ಲ. "ಹುಡುಗ್ರಿಗೆ ಯೋಳಿದ್ರಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಬೀಗವನ್ನು ಮೂರು ಸಲ ಜಗ್ಗುತ್ತಿದ್ದ ಮನುಷ್ಯ, ನಿಂತ ಗಾಡಿಯನ್ನೂ ಅಲ್ಲಾಡಿಸಿ ನೋಡುತ್ತಿದ್ದ ಮನುಷ್ಯ, ನನ್ನ ಹೂಂ ಅನ್ನು ಒಂದೇ ಸಲಕ್ಕೆ ನಂಬಿ ಸ್ಲೇಟು ಒರೆಸಿದರು.

ಅವರ ಚಾಪೆ ಈಗಲೂ ಲ್ಯಾಬಿನ ಮೂಲೆಯಲ್ಲಿದೆ, ಟ್ಯೂಬಿನ ಪಟ್ಟಿಯ ಸಮೇತ. ಹಳೆಯ ಯಂತ್ರಗಳನ್ನು ಸಾಗಿಸಿಬಿಟ್ಟರು, ಓದಲು ತೆರೆ ಇಲ್ಲ. ಆದರೆ ಆ ಸಾಲನ್ನು ನಾನು ಅವತ್ತೇ ಸ್ಟಾಕ್ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ. ಈ ಪುಸ್ತಕ ಎಲ್ಲರ ಕೈಗೂ ಬರುತ್ತದೆ ಎಂದಿದ್ದೀರಿ. ಎಲ್ಲರೂ ಸುಮ್ಮನೆ ಕೂತುಕೊಳ್ಳಿ, ಓದುತ್ತೇನೆ.

"ಜಯಮ್ಮನೋರೆ, ಹುಡುಗ್ರಿಗೆ ಒಂದ್ ಮಾತು ಯೋಳಿ. ಮೂರ್ ತಿಂಗ್ಳಿಂದ ನಿಮ್ ಬಾಯಲ್ಲಿ ಬೈಸಿದೀನಿ. ಬೈಗ್ಳ ಎಲ್ಲಾ ನಂದು, ನಿಮ್ದು ಒಂದೂ ಅಲ್ಲ, ನಿಮ್ ಮ್ಯಾಲೆ ಬೇಜಾರ್ ಮಾಡ್ಕಬಾರ್ದು. ಒಳ್ಳೇ ಮಾತೂ ಒಂದಿತ್ತು, ಗಂಟ್ಲು ಇದ್ದಾಗ ಆಡ್ನಿಲ್ಲ. ಎಲ್ರೂ ಚೆನ್ನಾಗ್ ಕಲ್ತ್ರಿ. ಬತ್ತೀನಿ."

ಓದಿದೆ. ಏನೂ ಸೇರಿಸಿಲ್ಲ, ಏನೂ ಬಿಟ್ಟಿಲ್ಲ. ಕೇಳಿಸಿದ್ದರೆ ಓ ಅನ್ನಿ.